ಬೈಟೂ ಕಾಫಿ, ಒಂದು ಕಪ್ಪು

2025ರ ಜೂನ್ 2, ಆರ್‌ಸಿಬಿ-ಪಂಜಾಬ್ ಐಪಿಎಲ್ ಫೈನಲ್ಲಿನ ಹಿಂದಿನ ಸಂಜೆ. ರಾಜರಾಜೇಶ್ವರಿನಗರದ ಆರ್ಚ್ ಹತ್ತಿರ ಒಂದು ಕಾಫಿ ಅಂಗಡಿ.

"ಅಂಕಲ್, ಈ ಸಲ ಕಪ್ ನಮ್ದೇ!"

"ಮೆಲ್ಲಗೆ ಹೇಳಪ್ಪಾ. ಪಂಜಾಬಿನವರಿಗೆ ಕೇಳಿಸಿದ್ರೂ ಪರವಾಗಿಲ್ಲ, ಶನಿಮಹಾತ್ಮನಿಗೆ ಕೇಳಿಸಬಾರದು."

"ಮೊನ್ನೆ ತಾನೇ ಅವರನ್ನ 101ಕ್ಕೆ ಉರುಳಿಸಿದ್ವಲ್ಲ!"

"2016ರ ಫೈನಲ್ಲಲ್ಲೂ ಹೀಗೇ ಕುಣಿದ್ವಿ. ನಮ್ಮದೇ ಚಿನ್ನಸ್ವಾಮಿ. ಬೇಕಿದ್ದದ್ದು 209. ಗೇಲ್, ಕೊಹ್ಲಿ ಸೇರಿ ಹತ್ತೂವರೆ ಓವರಿಗೆ 114 ಬಾರಿಸಿದ್ರು. ನಮ್ಮನೆಯವಳು ಕೇಸರಿಬಾತಿಗೆ ಅಂತ ರವೆ ಹುರಿಯೋಕೆ ಇಟ್ಟಳು ನೋಡು, ಗೇಲ್ ಔಟು! ಎಂಟು ರನ್ನಿಗೆ ಸೋತ್ವಿ. ಆ ರವೆ ಮರುದಿನ ಉಪ್ಪಿಟ್ಟಾಯ್ತು."

"2009?"

"ಆರು ರನ್ನು. ಉಪ್ಪಿಟ್ಟು."

"2011?"

"58. ಅವತ್ತು ಒಲೇನೇ ಹಚ್ಚಲಿಲ್ಲ."

(ಸೋಲಿನ ಲೆಕ್ಕ ಇಷ್ಟು ಬಾಯಿಪಾಠ ಇರುವವರು ಮಗ್ಗಿಯಲ್ಲಿ ತಡವರಿಸುವುದನ್ನೂ ನಾನು ಕಂಡಿದ್ದೇನೆ.)

"ಮತ್ತೆ 'ಕಪ್ ನಮ್ದೇ' ಅಂತ ಯಾವಾಗ ಹೇಳೋದು ಅಂಕಲ್?"

"ಅಂಪೈರು ಬೇಲ್ಸ್ ಎತ್ತಿ ಜೇಬಿಗೆ ಹಾಕ್ಕೊಂಡ ಮೇಲೆ."

ಅಷ್ಟರಲ್ಲಿ ಬೆಂಚಿನಿಂದ ಅಂಕಲ್ ಕೈಚೀಲ ಜಾರಿತು. ಚಿರೋಟಿ ರವೆ, ದ್ರಾಕ್ಷಿ, ಗೋಡಂಬಿ, ಕೇಸರಿ ಬಣ್ಣದ ಪೊಟ್ಟಣ.

"ಉಪ್ಪಿಟ್ಟಿಗೆ ಕಣೋ."

"ಉಪ್ಪಿಟ್ಟಿಗೆ ಕೇಸರಿ ಬಣ್ಣ ಯಾಕೆ ಅಂಕಲ್?"

"ಕಾಫಿ ಆರ್ತಾ ಇದೆ, ಕುಡಿ."