ಮೈನಸ್ 62

ಮೇ ತಿಂಗಳಲ್ಲಿ ಛತ್ರಪತಿ ಸಂಭಾಜಿನಗರದ ನನ್ನ ಭಾವಮೈದುನನ ಮನೆಯಲ್ಲಿ ತಣ್ಣಗಿರುವ ವಸ್ತು ಒಂದೇ, ಅವನ ಕಂಪ್ಯೂಟರಿನ ಮದರ್‌ಬೋರ್ಡ್. ಮಡಕೆಯ ನೀರೂ ಬಿಸಿಯಾಗುವ ಮಧ್ಯಾಹ್ನ, ಪರದೆಯ ಮೂಲೆಯಲ್ಲಿ 'ಆಕ್ಸ್‌ಟಿನ್: ಮೈನಸ್ 62 ಡಿಗ್ರಿ' ಎಂದು ಬರೆದಿರುತ್ತದೆ. ನಮ್ಮ ರಾಷ್ಟ್ರಕೂಟ ಕೃಷ್ಣ ವೇರೂಳಿನ, ಅಂದರೆ ಎಲ್ಲೋರಾದ, ಬಂಡೆಯಲ್ಲಿ ಕೈಲಾಸ ಕಡೆಸಿದ್ದೇನೋ ನಿಜ. ಆದರೆ ಕೈಲಾಸದ ಚಳಿ ಮಾತ್ರ ಇಲ್ಲಿಗೆ ಬಂದದ್ದು ಈಗ, ಅದೂ ಈ ಹುಡುಗನ ಮೇಜಿನ ಬದಿಗೆ. ಧಾರವಾಡದಿಂದ ಬಂದ ನೆಂಟರಿಗೆ ಅವನು ಎರಡನ್ನೂ ತೋರಿಸುತ್ತಾನೆ.

"ಮಾಮಾ, ನಾಸಿಕದ ಹವಾ ಅಂತ ಭಾಳ ಹೇಳ್ತಿದ್ರಿ. ಈಗ ಹೇಳ್ರಿ ನೋಡೂಣು" ಎಂದು ಅವನ ಫೋನು ಬಂತು. ನಾಸಿಕದವರು ತಮ್ಮ ಹವೆಯ ಬಗ್ಗೆ ಯಾರು ಏನಂದರೂ ಸಹಿಸುವುದಿಲ್ಲ. ನಾನು ಅಲ್ಲಿ ಬಾಡಿಗೆಗೆ ಇರುವವನಾದರೂ ಆ ಗುಣ ಬಂದುಬಿಟ್ಟಿದೆ. ನಿಫಾಡ, ಯೇವಲಾ, ವೈಜಾಪುರದ ಬಸ್ಸು ಹತ್ತಿದೆ.

ನಿಫಾಡದ ದ್ರಾಕ್ಷಿಯವರಿಗೆ ಡಿಗ್ರಿಯ ಬೆಲೆ ಗೊತ್ತು. ಚಳಿಗಾಲದಲ್ಲಿ ಕುಂದೇವಾಡಿಯ ಗೋಧಿ ಸಂಶೋಧನಾ ಕೇಂದ್ರದ ಲೆಕ್ಕ ಪೇಪರಿನಲ್ಲಿ ಬರುತ್ತದೆ, ಮಹಾರಾಷ್ಟ್ರದ ಕನಿಷ್ಠ ಎಷ್ಟೋ ಸಲ ಅಲ್ಲಿಯದೇ. ಪಾದರಸ ಇಳಿಯಿತೆಂದರೆ ಕಾಯಿ ಸೀಳದಿರಲೆಂದು ರಾತ್ರಿಯೆಲ್ಲ ಸಾಲುಗಳ ನಡುವೆ ಬೆಂಕಿ ಹಾಕುತ್ತಾರೆ. ಮೈನಸ್ 62 ಎಂದು ಅವರ ಮುಂದೆ ಹೇಳಿದ್ದರೆ ನನ್ನನ್ನು ಮುಟ್ಟಿ ಜ್ವರ ನೋಡುತ್ತಿದ್ದರು.

ವಿಷಯ ಇಷ್ಟೇ. ಮದರ್‌ಬೋರ್ಡಿನ ಮೇಲೆ ಕಾವು, ವೋಲ್ಟೇಜು, ಫ್ಯಾನಿನ ಸುತ್ತು ಅಳೆಯುವ ಒಂದು ಚಿಪ್ ಇರುತ್ತದೆ. ಅದಕ್ಕೆ ಹತ್ತಾರು ಪಿನ್ನು. ಬೋರ್ಡ್ ಮಾಡುವವನು ತನಗೆ ಬೇಕಾದಷ್ಟಕ್ಕೆ ಮಾತ್ರ ತಂತಿ ಎಳೆದು ಉಳಿದವನ್ನು ಹಾಗೇ ಬಿಡುತ್ತಾನೆ. ಆಕ್ಸ್‌ಟಿನ್ ಅಂಥ ಒಂದು ಪಿನ್ನಿನ ಹೆಸರು. ಬಿಟ್ಟ ಪಿನ್ನು ಸುಮ್ಮನಿರುವುದಿಲ್ಲ. ಒಂದು ಬೋರ್ಡಿನಲ್ಲಿ ಮೈನಸ್ 62 ಅನ್ನುತ್ತದೆ, ಇನ್ನೊಂದರಲ್ಲಿ 127. ಎಂಟು ಬಿಟ್ಟಿನ ಲೆಕ್ಕದಲ್ಲಿ ಮೈನಸ್ 128ರಿಂದ 127ರವರೆಗೆ ಏನು ಬೇಕಾದರೂ ಹೇಳಬಹುದು, ಹೇಳುತ್ತದೆ.

ಇದರಲ್ಲಿ ನನಗೆ ಪಾಪ ಅನ್ನಿಸುವುದು ಡ್ರೈವರ್ ಬರೆಯುವವರನ್ನು ಕಂಡರೆ. ಲಿನಕ್ಸಿನಲ್ಲಿ ಈ ಇಲಾಖೆಯ ಹೆಸರು ಎಚ್‌ಡಬ್ಲ್ಯುಮಾನ್. ಗುಂಟರ್ ರೋಕ್ ಎಂಬವರು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ. ಚಿಪ್ಪಿನ ಒಳಗಿನದನ್ನೆಲ್ಲ ಅವರು ಓದಿ ಕೊಡಬಲ್ಲರು, ಹೊರಗೆ ಯಾರು ಏನು ಜೋಡಿಸಿದ್ದಾರೆಂದು ತಿಳಿಯುವುದು ಹೇಗೆ? ವೈರಿಂಗ್ ಮಾಡಿದವನು ಯಾವ ಸ್ವಿಚ್ಚು ಯಾವುದರದ್ದೆಂದು ಹೇಳದೆ ದುಡ್ಡು ಎಣಿಸಿಕೊಂಡು ಹೋದ ಮನೆಯ ಗತಿ. 12 ವೋಲ್ಟನ್ನು ಈ ಚಿಪ್ಪು ನೇರವಾಗಿ ತಾಳಲಾರದು, ಅದಕ್ಕೆ ಎರಡು ರೆಸಿಸ್ಟರ್ ಹಾಕಿ ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿ ಕೊಟ್ಟಿರುತ್ತಾರೆ. ರೆಸಿಸ್ಟರ್ ಯಾವ ಅಳತೆಯದು ಅನ್ನುವುದು ಬೋರ್ಡಿನವನ ಹೊಟ್ಟೆಯೊಳಗಿನ ಗುಟ್ಟು. ಯಾವುದನ್ನು ಎಷ್ಟರಿಂದ ಗುಣಿಸಬೇಕು, ಯಾವುದನ್ನು ಕಣ್ಣಿಗೆ ಬೀಳದ ಹಾಗೆ ಮಾಡಬೇಕು ಎಂದು ಕೊನೆಗೆ ಬಳಸುವವನೇ ಒಂದು ಫೈಲಿನಲ್ಲಿ ಬರೆದಿಡಬೇಕು.

ಹಾಗೆಂದು ಸಿಕ್ಕ ಸಿಕ್ಕ ಕಡೆ ಕೈ ಹಾಕುವ ಹಾಗೂ ಇಲ್ಲ. ಯಾವ ಚಿಪ್ ಇದೆಯೆಂದು ಹುಡುಕುವ ಪ್ರೋಗ್ರಾಮು ಹಿಂದೊಮ್ಮೆ ಐಬಿಎಂನ ಕೆಲವು ಥಿಂಕ್‌ಪ್ಯಾಡುಗಳಲ್ಲಿ ತಡಕಾಡಲು ಹೋಗಿ ಅವುಗಳ ಈಪ್ರಾಮ್ ಎಂಬ ನೆನಪಿನ ಚಿಪ್ಪನ್ನೇ ಕೆಡಿಸಿತ್ತು. ಈಗಂತೂ ಅದು ಹೊಸ ಅಳಿಯನ ಹಾಗೆ ಕೇಳಿ ಕೇಳಿಯೇ ಮುಂದಡಿ ಇಡುತ್ತದೆ.

ಹುಡುಗನ ಪರದೆಯ ಪಟ್ಟಿಯಲ್ಲಿ ಇನ್ನೊಂದು ಸಾಲು: 'ಇಂಟ್ರೂಷನ್: ಅಲಾರಂ'. ಯಾರೋ ಕ್ಯಾಬಿನೆಟ್ ತೆರೆದಿದ್ದಾರೆಂದು ಅರ್ಥ. ಅದಕ್ಕೂ ತಂತಿ ಇಲ್ಲ, ಆದ್ದರಿಂದ ಹಗಲೂ ರಾತ್ರಿ ಕಳ್ಳ ಬಂದಿದ್ದಾನೆ. "ಕಳ್ಳ ಬಂದಾನಂತ ಗೊತ್ತಿದ್ದೂ ಸುಮ್ನ ಕುಂತೀಯಲ್ಲೋ!" ಎಂದು ಅತ್ತೆ ಮಗನನ್ನು ತರಾಟೆಗೆ ತೆಗೆದುಕೊಂಡರು.

ಇಷ್ಟೆಲ್ಲ ಸುಳ್ಳಿನ ನಡುವೆ ಒಂದು ಸಾಲು ನಿಜ ಹೇಳುತ್ತಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಪ್ರೊಸೆಸರ್ 94. ಇನ್ನೊಂದಿಷ್ಟು ಏರಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಆಗ ಹುಡುಗ ಇಂಟರ್‌ನೆಟ್ಟಿನವನನ್ನು ಬೈಯುತ್ತಾನೆ. ಅತ್ತೆ ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟು "ಕಾದ ಹಂಚು ಆಗೇತ್ರಿ ಇದು" ಎಂದರು. ಅದೇ ಕೈಯಿಂದ, ಅದರ ಮೇಲಿದ್ದ ಸಂಡಿಗೆಯ ಪರಾತವನ್ನು ಸರಿಸಿದರು. ಸಂಜೆ ಮಾಳಿಗೆಯಿಂದ ಇಳಿಸಿದ ಸಂಡಿಗೆಗೆ ಮನೆಯಲ್ಲಿ ಸಪಾಟಾದ ಜಾಗ ಅದೊಂದೇ, ಬಿಸಿಗಾಳಿ ಹೊರಬೀಳುವ ಜಾಗವೂ ಅದೇ. ಮುಚ್ಚಳ ಬಿಚ್ಚಿದೆವು. ಹೀಟ್‌ಸಿಂಕಿನ ಹಲ್ಲುಗಳ ನಡುವೆ ಬೂದುಬಣ್ಣದ ಧೂಳು ಕಂಬಳಿಯಾಗಿ ಹೆಣೆದುಕೊಂಡಿತ್ತು, ಅದರ ಒಂದು ತುದಿಯಲ್ಲಿ ಎರಡು ಸಾಬೂದಾಣಿ. ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ಪ್ರೊಸೆಸರಿನ ಮೇಲೆ ಒಣಗಿ ಸುಣ್ಣವಾಗಿದ್ದ ಪೇಸ್ಟನ್ನು ಕೆರೆದು ಹೊಸದು ಹಚ್ಚಿದೆವು.

ಗುಣಾಕಾರ ಬರೆದಿಡುವ ಆ ಫೈಲಿನಲ್ಲಿ ಪ್ರತಿ ಸಾಲಿಗೂ ನಮಗೆ ಬೇಕಾದ ಹೆಸರು ಇಡಬಹುದು ಎಂದದ್ದೇ ತಡ, ಹುಡುಗನಿಗೆ ಹುರುಪು ಬಂತು. ಹಗಲೆಲ್ಲ ಸುತ್ತಿದರೂ ಯಾರೂ ತಿರುಗಿ ನೋಡದ ಫ್ಯಾನಿಗೆ 'ಅಪ್ಪ' ಎಂದಿಟ್ಟ. ಬೇಗ ಬಿಸಿಯಾಗುವ ಪ್ರೊಸೆಸರಿಗೆ ಏನಿಡಬೇಕೆಂದು ಅವನು ಯೋಚಿಸಲೇ ಇಲ್ಲ. ಅತ್ತೆ ಚಾಳೀಸು ಏರಿಸಿಕೊಂಡು ಪರದೆಯ ಹತ್ತಿರ ಬಂದು ಓದಿದರು: 'ಅವ್ವ: 68'.

"ಅರವತ್ತೆಂಟಂತ ಯಾವಾಂವ ಬರದಾಂವ? ಆಧಾರ್ ಕಾರ್ಡ್ ತಗದು ನೋಡು, ಇನ್ನೂ ಅರವತ್ತೈದು ನನಗ!"

ಅವರು ಹೇಳಿ ಮುಗಿಸುವಷ್ಟರಲ್ಲಿ ಅದು 71 ಆಗಿತ್ತು.