ಮಾಳಿಗೆ ನಿದ್ರೆ: ತಜ್ಞರ ಸೂಚನೆಗಳು

ಕಲಬುರಗಿ, ರಾಯಚೂರು ಸೀಮೆಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿತೆಂದರೆ ಹಾಸಿಗೆಗಳು ಮಾಳಿಗೆ ಏರುತ್ತವೆ. ಇದನ್ನು ಜನ ನಿದ್ರೆ ಮಾಡುವ ಏರ್ಪಾಡು ಎಂದು ತಿಳಿದಿದ್ದಾರೆ. ಈ ಕ್ಷೇತ್ರದಲ್ಲಿ ಬಹುಕಾಲ ಎಚ್ಚರವಿದ್ದ ತಜ್ಞನಾಗಿ ಕೆಲವು ವಿಷಯಗಳನ್ನು ಸ್ಪಷ್ಟಪಡಿಸುತ್ತೇನೆ.

ಮೊದಲು ನೀರು ಹೊಡೆಯುವುದು. ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ನುಂಗಿದ ಬಿಸಿಲನ್ನು ರಾತ್ರಿ ನಮ್ಮ ಬೆನ್ನಿಗೆ ಕಕ್ಕುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೀರಿಕೊಂಡು ಹೋಗುತ್ತದೆ. ಅದೇ ನೀರನ್ನು ಹತ್ತಡಿ ಮೇಲಕ್ಕೆ ಒಯ್ಯಲು 30 ಜೂಲ್ ಸಾಕು. ಭಾರೀ ಲಾಭದ ವ್ಯವಹಾರ. ಆ 30 ಜೂಲ್ ಕಿರಿಸೊಸೆಯದೇ ಏಕಾಗಿರಬೇಕು ಎಂಬುದು ಭೌತಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಗಾಳಿ ಬರುವ ಮೂಲೆ ಅಜ್ಜನಿಗೆ, ಹೊರಸು ಬೀಗರಿಗೆ, ಉಳಿದದ್ದು ಉಳಿದವರಿಗೆ. ಸೊಳ್ಳೆಗಳಿಗೆ ಈ ಭೇದವಿಲ್ಲ.

ಶಾಸ್ತ್ರದ ತಿರುಳಿರುವುದು ಮಳೆಯಲ್ಲಿ. ಭರಣಿ ಮಳೆಯ ಮೊದಲ ಹನಿ ನಡುರಾತ್ರಿ ಬೀಳುತ್ತದೆ, ಎಲ್ಲರ ಮುಖಕ್ಕೂ ಬೀಳುತ್ತದೆ. ಯಾರೂ ಏಳುವುದಿಲ್ಲ. ಮೊದಲು ಎದ್ದವರೇ ಎಲ್ಲರ ಹಾಸಿಗೆ ಸುತ್ತಬೇಕೆಂಬ ಅಲಿಖಿತ ಕಾನೂನಿದೆ. ಆದ್ದರಿಂದ ಈ ಹಂತದಲ್ಲಿ ಗೊರಕೆ ಜೋರಾಗುವುದು ಆರೋಗ್ಯದ ಲಕ್ಷಣ. ನಾಲ್ಕಾರು ಹನಿಗಳ ಬಳಿಕ ಯಾವುದೋ ಹುಡುಗ “ಯಜ್ಜಾ, ಮಳಿ” ಎನ್ನುತ್ತಾನೆ. ಕೌದಿಯೊಳಗಿಂದ ತೀರ್ಪು ಬರುತ್ತದೆ: “ಏನಿಲ್ಲೋ, ಹಾರಿ ಹೋಗ್ತದ, ಸುಮ್ಮ ಮಕ್ಕೋ.” ಹವಾಮಾನ ಇಲಾಖೆ ಒಂದು ದಿನಕ್ಕೆ 2.5 ಮಿಲಿಮೀಟರ್ ಬಿದ್ದರೆ ಅದನ್ನು ಮಳೆಯ ದಿನವೆಂದು ಒಪ್ಪುತ್ತದೆ. ಅಜ್ಜ ಅಷ್ಟು ಸಡಿಲ ಅಲ್ಲ. ಅವರು ಒಪ್ಪುವ ಹೊತ್ತಿಗೆ ಕೌದಿ ಒಂದು ಕೊಡ ನೀರು ಕುಡಿದಿರುತ್ತದೆ, ಕರೆಂಟು ಹೋಗಿರುತ್ತದೆ, ಒಂದಾಳಗಲದ ಮೆಟ್ಟಿಲಿನಲ್ಲಿ ಹನ್ನೊಂದು ಮಂದಿ ಏಕಕಾಲಕ್ಕೆ ಇಳಿಯುತ್ತಿರುತ್ತಾರೆ. ಮೊದಲು ಹಾಸಿಗೆ, ಆಮೇಲೆ ದಿಂಬು, ಕೊನೆಗೆ ಕೂಸು: ಇದು ಸ್ವೀಕೃತ ಕ್ರಮ. ಕೂಸನ್ನು ಮರೆತು ಮತ್ತೆ ಹತ್ತಿದ್ದುಂಟು. ದಿಂಬು ಮರೆತದ್ದು ನಾನಂತೂ ಕೇಳಿಲ್ಲ. ಕೆಳಗೆ ಹಾಸಿ ಮುಗಿಯುತ್ತಲೇ ಮಳೆ ನಿಲ್ಲುತ್ತದೆ. “ನಾ ಹೇಳ್ಳಿಲ್ಲೇನು?” ಎನ್ನುತ್ತಾರೆ ಅಜ್ಜ.

ಬೆಳಗಿನದು ರೇಖಾಗಣಿತ. ಮೇ ತಿಂಗಳಲ್ಲಿ ಸೂರ್ಯ ಆರಕ್ಕೆ ಮುಂಚೆಯೇ, ಪೂರ್ವದಿಂದ ತುಸು ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆಗ ನೀರಿನ ಟ್ಯಾಂಕಿನ ನೆರಳು ನೈಋತ್ಯದ ಕಡೆ ಚಾಚುತ್ತದೆ. ಅಲ್ಲಿ ಮಲಗಿದವರಿಗೆ ಇನ್ನೊಂದು ಸುತ್ತು ನಿದ್ರೆ ಗ್ಯಾರಂಟಿ. ತೊಡಕೆಂದರೆ, ವಾಸ್ತುವಿನವರು ಟ್ಯಾಂಕನ್ನೇ ಮನೆಯ ನೈಋತ್ಯ ಮೂಲೆಗೆ ಕೂರಿಸುತ್ತಾರೆ. ಹೀಗಾಗಿ ನಮ್ಮ ಟ್ಯಾಂಕಿನ ನೆರಳು ಪಕ್ಕದ ಮನೆಯ ಮಾಳಿಗೆಗೆ ಸಂದಾಯವಾಗುತ್ತದೆ, ಅವರು ಸುಖವಾಗಿ ಮಲಗಿರುತ್ತಾರೆ. ನ್ಯಾಯವಾಗಿ ನಮಗೆ ಈಶಾನ್ಯದ ಮನೆಯ ನೆರಳು ಬರಬೇಕು. ಆದರೆ ಅಲ್ಲಿ ಮನೆಯಿಲ್ಲ, ರಸ್ತೆಯಿದೆ. ಈಶಾನ್ಯಕ್ಕೆ ರಸ್ತೆಯಿರುವ ಸೈಟು ಬಹಳ ಶುಭವೆಂದು ಹೆಚ್ಚಿನ ದರ ಕೊಡಿಸಿದವರೂ ಆ ವಾಸ್ತುವಿನವರೇ.