ಕೂಡುಲೋಕದ ವಕೀಲ

ಕೂಡುಲೋಕದ ವಕೀಲ ದೆಹಲಿ ಮತ್ತು ಅದರ ಸುತ್ತಿನ ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್‌ಗಳ ಕನ್ನಡಿಗರಲ್ಲಿ ಹೇರಳವಾಗಿ ಸಿಗುವ ಒಂದು ನಮೂನೆಯ ಮನುಷ್ಯ. ಸೂಪರ್‌ಹೀರೋ ಒಬ್ಬನೇ ಇದ್ದರೆ ಶೋಭೆಯೋ, ಹತ್ತು ಜನರ ನಡುವೆ ಇದ್ದರೆ ಶೋಭೆಯೋ ಎಂಬ ಪ್ರಶ್ನೆ ಈತನ ಮಟ್ಟಿಗೆ ಎಂದೋ ತೀರ್ಮಾನವಾಗಿದೆ. ಎಲ್ಲ ಹೀರೋಗಳೂ ಒಂದೇ ಲೋಕದಲ್ಲಿರಬೇಕು, ಒಬ್ಬನ ಕಥೆಗೆ ಇನ್ನೊಬ್ಬ ಬಂದುಹೋಗಿ ಮಾಡುತ್ತಿರಬೇಕು, ಇವನಿಗೆ ಬಿದ್ದ ಪೆಟ್ಟು ಅವನ ಸಂಚಿಕೆಯಲ್ಲೂ ನೋಯಬೇಕು. ತೀರ್ಮಾನವಾಗಿರುವುದರಿಂದ ಚರ್ಚೆ ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ.

ವಯಸ್ಸು ನಲವತ್ತರ ಆಚೀಚೆ. ಹುಟ್ಟಿದ್ದು ಧಾರವಾಡದಲ್ಲೋ ತೀರ್ಥಹಳ್ಳಿಯಲ್ಲೋ ಅಜ್ಜಿಯ ಮನೆಯಲ್ಲಿ. ಬೆಳೆದದ್ದು ಸರೋಜಿನಿ ನಗರ, ನೇತಾಜಿ ನಗರ, ಆರ್.ಕೆ. ಪುರಂಗಳ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಈಗ ಇರುವುದು ನೋಯ್ಡಾದ ಹದಿನೇಳನೆಯ ಮಹಡಿಯಲ್ಲಿ. ಮಾತಾಡುವುದು ಕನ್ನಡವನ್ನೇ, ಆದರೆ ಲೆಕ್ಕ ಮತ್ತು ಸಿಟ್ಟು ಎರಡೂ ಹಿಂದಿಯಲ್ಲಿ ನಡೆಯುತ್ತವೆ. "ಅರೇ ಯಾರ್, ಹಂಗಲ್ಲ ಅದು" ಎಂಬುದು ಈತನ ಮಂಗಳಾಚರಣೆ. ಅದು ಕಿವಿಗೆ ಬಿತ್ತೆಂದರೆ ಕೇಳುವವನ ಸಂಜೆ ಹೋಯಿತು.

ಈ ತಳಿ ದೆಹಲಿಯಲ್ಲೇ ಯಾಕೆ ಇಷ್ಟು ಹುಲುಸಾಗಿ ಬೆಳೆಯಿತು ಎಂಬುದಕ್ಕೆ ಕಾರಣ ಉಂಟು. ಹಿಂದಿ ಸೂಪರ್‌ಹೀರೋಗಳ ತವರು ಇದೇ ಊರು. ರಾಜ್‌ಕುಮಾರ್ ಗುಪ್ತಾ ಮತ್ತು ಅವರ ಮಕ್ಕಳು 1986ರಲ್ಲಿ ರಾಜ್ ಕಾಮಿಕ್ಸ್ ಶುರುಮಾಡಿ ನಾಗರಾಜನನ್ನು ಹೊರತಂದರು. ಮರುವರ್ಷ ಅನುಪಮ್ ಸಿನ್ಹಾ ಸೃಷ್ಟಿಸಿದ ಸೂಪರ್ ಕಮಾಂಡೊ ಧ್ರುವ ಬಂದ. ಡೋಗಾ, ಪರಮಾಣು, ತಿರಂಗಾ ಆಮೇಲಿನವರು. ಪುಸ್ತಕದಲ್ಲಿ ಅಚ್ಚಾಗುತ್ತಿದ್ದ ವಿಳಾಸ ಉತ್ತರ ದೆಹಲಿಯ ಬುರಾಡಿಯದು. ಬೆಂಗಳೂರಿನ ಹುಡುಗನಿಗೆ ಸೂಪರ್‌ಮ್ಯಾನ್ ಅಮೆರಿಕದವನಾಗಿದ್ದ ಕಾಲದಲ್ಲಿ ಕ್ವಾರ್ಟರ್ಸಿನ ಹುಡುಗನಿಗೆ ನಾಗರಾಜ ಬಸ್ಸು ಹತ್ತಿದರೆ ಸಿಗುವ ಊರಿನವನಾಗಿದ್ದ. ಕಿರಾಣಿ ಅಂಗಡಿಯ ಹಗ್ಗಕ್ಕೆ ಬಟ್ಟೆ ಒಣಹಾಕಿದ ಹಾಗೆ ನೇತುಹಾಕಿರುತ್ತಿದ್ದ ಕಾಮಿಕ್ಸ್ ದಿನಬಾಡಿಗೆಗೆ ಸಿಗುತ್ತಿದ್ದವು. ಬಾಡಿಗೆ ಒಬ್ಬನದು, ಓದು ಆರು ಜನರದು. ನಿಧಾನವಾಗಿ ಓದುವವನಿಗೆ ಪುಟ ಮಗುಚುವ ಹಕ್ಕಿರಲಿಲ್ಲ.

ಮೊದಮೊದಲು ನಾಗರಾಜ ಒಂಟಿ. ಭಯೋತ್ಪಾದಕರ ಕೈಗೆ ಅಸ್ತ್ರವಾಗಲೆಂದು ಒಬ್ಬ ಪ್ರೊಫೆಸರ್ ತಯಾರಿಸಿದ ಆತ, ಗುರು ಗೋರಖನಾಥರಿಂದ ಬಿಡುಗಡೆ ಪಡೆದು, ದೇಶದಿಂದ ದೇಶಕ್ಕೆ ಅಲೆಯುತ್ತ ದುಷ್ಟರನ್ನು ಮುಗಿಸುತ್ತಿದ್ದ. ಮನೆ ಇಲ್ಲ, ಮಠ ಇಲ್ಲ. ಆಮೇಲೆ ಆತನನ್ನು ಮಹಾನಗರವೆಂಬ ಊರಿನಲ್ಲಿ ನೆಲೆಗೊಳಿಸಿ, ರಾಜ್ ಎಂಬ ಹೆಸರು ಕೊಟ್ಟು, ಟಿ.ವಿ. ಕಂಪನಿಯೊಂದರಲ್ಲಿ ಕೆಲಸವನ್ನೂ ಕೊಡಿಸಿದರು. ಕೆಲಸ ಸಿಕ್ಕವನಿಗೆ ಬಳಗ ಕೂಡುವುದು ಲೋಕರೂಢಿ. ನಾಗರಾಜನೂ ಧ್ರುವನೂ ಒಂದೇ ಪುಸ್ತಕದಲ್ಲಿ ಎದುರಾದರು. ಕೊನೆಗೆ ಎಲ್ಲರೂ ಸೇರಿ ಬ್ರಹ್ಮಾಂಡ ರಕ್ಷಕರೆಂಬ ಕೂಟವಾಯಿತು. ಇಂಥ ವಿಶೇಷಾಂಕಗಳು ಹೆಚ್ಚು ದಪ್ಪ, ಬೆಲೆಯೂ ಹೆಚ್ಚು. ಕೂಡುಲೋಕದ ಮೊದಲ ಪ್ರೇರಣೆ ಅಂಗಡಿಯವನ ಗಲ್ಲಾಪೆಟ್ಟಿಗೆ ಎಂದು ಯಾರಾದರೂ ಅಂದರೆ ವಕೀಲರು ನೊಂದುಕೊಳ್ಳುತ್ತಾರೆ, ಅಲ್ಲಗಳೆಯುವುದಿಲ್ಲ.

ಈತನ ವಾದದಲ್ಲಿ ಹುರುಳಿಲ್ಲವೆಂದಲ್ಲ. ಧ್ರುವನಿಗೆ ಯಾವ ಅಲೌಕಿಕ ಶಕ್ತಿಯೂ ಇಲ್ಲ. ಸರ್ಕಸ್ಸಿನಲ್ಲಿ ಬೆಳೆದ ಹುಡುಗ; ಡೇರೆಗೆ ಬೆಂಕಿ ಬಿದ್ದು ಅನಾಥನಾದವನು; ಮೋಟರ್‌ಸೈಕಲ್ಲು, ವಿಜ್ಞಾನದ ತಿಳಿವಳಿಕೆ, ಪ್ರಾಣಿಪಕ್ಷಿಗಳ ಭಾಷೆ, ಇಷ್ಟೇ ಬಂಡವಾಳ. ಒಬ್ಬನೇ ಇದ್ದಾಗ ಈತ ಚುರುಕು ಹುಡುಗ. ಉಸಿರಲ್ಲೇ ವಿಷ ಕಾರಬಲ್ಲ ನಾಗರಾಜನ ಪಕ್ಕದಲ್ಲಿ ನಿಂತು ಅವನಷ್ಟೇ ಕೆಲಸ ಮಾಡಿದಾಗಲೇ ಬುದ್ಧಿಯ ತೂಕ ಗೊತ್ತಾಗುವುದು. ಬ್ಯಾಟ್‌ಮ್ಯಾನ್ ಸೂಪರ್‌ಮ್ಯಾನನ ಪಕ್ಕ ನಿಂತಾಗ ಆಗುವುದೂ ಇದೇ. ಈ ಒಂದು ಮಾತಿಗೆ ವಿರೋಧಿಗಳ ಬಳಿ ಉತ್ತರವಿಲ್ಲ, ಆದ್ದರಿಂದ ವಕೀಲರು ಇದನ್ನು ಒಂದೇ ಸಂಜೆಯಲ್ಲಿ ಮೂರು ಸಲ ಹೇಳುತ್ತಾರೆ.

ಡೋಗಾನ ಹೆಸರು ಬಂದಲ್ಲಿ ಮಾತ್ರ ವಾದ ಕುಂಟುತ್ತದೆ. ಕಸದ ರಾಶಿಯಲ್ಲಿ ಸಿಕ್ಕಿದ ಮಗು ಬೆಳೆದು, ನಾಯಿಯ ಮುಖವಾಡ ತೊಟ್ಟು, ಮುಂಬಯಿಯ ಪಾತಕಿಗಳನ್ನು ಬಂದೂಕಿನಿಂದ ಹೊಡೆದುಹಾಕುವವನು ಡೋಗಾ. ಧ್ರುವನದು ಯಾರ ಪ್ರಾಣವನ್ನೂ ತೆಗೆಯುವುದಿಲ್ಲವೆಂಬ ವ್ರತ, ಸಾಲದ್ದಕ್ಕೆ ಸಾಕುತಂದೆ ಪೊಲೀಸ್ ಅಧಿಕಾರಿ. ಬೇರೆ ಬೇರೆ ಪುಸ್ತಕಗಳಲ್ಲಿ ಇರುವ ತನಕ ಇಬ್ಬರೂ ಸರಿ. ಒಂದೇ ದೇಶ, ಒಂದೇ ಕಾನೂನಿನ ಕೆಳಗೆ ತಂದ ಕ್ಷಣ ಧ್ರುವ ಡೋಗಾನನ್ನು ಹಿಡಿದುಕೊಡಬೇಕು, ಇಲ್ಲವೇ ನೋಡಿಯೂ ನೋಡದ ಹಾಗೆ ಇರಬೇಕು. ಹಿಡಿದುಕೊಟ್ಟರೆ ಡೋಗಾನ ಪುಸ್ತಕ ಮುಚ್ಚಿತು. ಸುಮ್ಮನಿದ್ದರೆ ಧ್ರುವನ ವ್ರತ ಮುರಿಯಿತು. ಪ್ರಕಾಶಕರು ಹೆಚ್ಚಾಗಿ ಮಾಡುವುದು ಇಬ್ಬರಿಗೂ ಒಬ್ಬ ದೊಡ್ಡ ಶತ್ರುವನ್ನು ಒದಗಿಸಿ ವಿಷಯ ಮರೆಸುವುದು. ದೆಹಲಿಯ ರಾಜಕೀಯ ಬಲ್ಲವರಿಗೆ ಈ ತಂತ್ರ ಹೊಸದಲ್ಲ.

ಇನ್ನೊಂದು ತೊಡಕು ಸ್ಥಳೀಯವಾದದ್ದು. ಪರಮಾಣು ದೆಹಲಿಯ ಹೀರೋ. ತ್ರಿವರ್ಣದ ಉಡುಪು ತೊಟ್ಟು ಗುರಾಣಿ ಹಿಡಿದ ತಿರಂಗಾನೂ ದೆಹಲಿಯವನೇ. ಒಂದೇ ಊರಿಗೆ ಇಬ್ಬರು. ಹಾಗಿದ್ದಮೇಲೆ ತಿರಂಗಾ ಏಟು ತಿನ್ನುವಾಗ ಪರಮಾಣು ಎಲ್ಲಿದ್ದ ಎಂದು ಓದುಗ ಕೇಳುತ್ತಾನೆ. ಕೂಡುಲೋಕದಲ್ಲಿ ಪ್ರತಿಯೊಂದು ಕಥೆಯೂ ಬಾರದವರಿಗೆ ರಜಾಚೀಟಿ ಬರೆದುಕೊಟ್ಟೇ ಮುಂದೆ ಹೋಗಬೇಕು. ನವೆಂಬರಿನ ಹೊಗೆಗೆ ಇಬ್ಬರೂ ಏನು ಮಾಡಿದರು ಎಂದು ವಕೀಲರ ಹೆಂಡತಿ ಒಮ್ಮೆ ಕೇಳಿದ್ದುಂಟು. "ಅದು ಪಂಜಾಬ್, ಹರಿಯಾಣಾದ ಜುರಿಸ್ಡಿಕ್ಷನ್" ಎಂಬ ಉತ್ತರ ಬಂತು.

ಅಮೆರಿಕದ ಉದಾಹರಣೆಗಳು ಈತನ ಬತ್ತಳಿಕೆಯಲ್ಲಿ ಸದಾ ಇರುತ್ತವೆ. 1938ರಲ್ಲಿ ಸೂಪರ್‌ಮ್ಯಾನ್ ಬಂದ, ಎರಡೇ ವರ್ಷದಲ್ಲಿ ಹೀರೋಗಳ ಜಸ್ಟಿಸ್ ಸೊಸೈಟಿ ಹುಟ್ಟಿತು ಎನ್ನುತ್ತಾನೆ. ಸೂಪರ್‌ಮ್ಯಾನನ ಕಂಪನಿಯ ಲೋಕಗಳು ಹೆಚ್ಚಿ, ಯಾವ ಭೂಮಿಯಲ್ಲಿ ಯಾರು ಬದುಕಿದ್ದಾರೆಂದು ಬರೆಯುವವರಿಗೂ ತಿಳಿಯದಾಗಿ, 1985ರಲ್ಲಿ ಹನ್ನೆರಡು ಸಂಚಿಕೆಗಳ ಒಂದು ಮಹಾಪ್ರಳಯ ತಂದು ಎಲ್ಲವನ್ನೂ ಗುಡಿಸಬೇಕಾಯಿತು ಎಂಬುದನ್ನು ಹೇಳುವುದಿಲ್ಲ. ಫ್ಯಾಂಟಮ್ ಒಂಟಿ ಎಂದು ಹಿರಿಯರಾರಾದರೂ ಅಂದರಂತೂ ಮುಗಿಯಿತು. ಇಂದ್ರಜಾಲ ಕಾಮಿಕ್ಸಿನಲ್ಲಿ ಫ್ಯಾಂಟಮ್‌ನನ್ನು ಕನ್ನಡದಲ್ಲೇ ಓದಿ ಬೆಳೆದ ಪೀಳಿಗೆ ಅದು; ಗುಹೆ, ತಲೆಬುರುಡೆಯ ಸಿಂಹಾಸನ, ಕಾಡು ಇಷ್ಟೇ ಅವರಿಗೆ ನೆನಪು. 1977ರಲ್ಲಿ ಫ್ಯಾಂಟಮ್ ಡಯಾನಾಳನ್ನು ಮದುವೆಯಾದಾಗ ಮಾಂತ್ರಿಕ ಮಾಂಡ್ರೇಕ್ ಅತಿಥಿಯಾಗಿ ಬಂದಿದ್ದನೆಂದು ವಕೀಲರು ಸಾಕ್ಷ್ಯ ಒಪ್ಪಿಸುತ್ತಾರೆ. ಮದುವೆಗೆ ಕರೆದರೆ ಬಂದು ಉಂಡು ಹೋಗುವುದು ನೆಂಟಸ್ತಿಕೆ, ಅದನ್ನು ಕೂಡುಲೋಕ ಎನ್ನಬೇಕೇ ಎಂಬ ಆಕ್ಷೇಪಕ್ಕೆ ಉತ್ತರ ಸಿದ್ಧವಿದೆ: "ನೆಂಟಸ್ತಿಕೆ ಇಲ್ದೆ ಯೂನಿವರ್ಸ್ ಎಲ್ಲಿ ಯಾರ್?"

ಅದಕ್ಕೂ ಬಗ್ಗದವರ ಮುಂದೆ ಪುರಾಣ ಬಿಚ್ಚಲಾಗುತ್ತದೆ. ಸೌಗಂಧಿಕಾ ಪುಷ್ಪ ತರಲು ಹೊರಟ ಭೀಮನಿಗೆ ದಾರಿಯಲ್ಲಿ ಅಡ್ಡ ಬಿದ್ದದ್ದು ಹಿಂದಿನ ಯುಗದ, ಬೇರೆ ಮಹಾಕಾವ್ಯದ ಹನುಮಂತನ ಬಾಲ. ಯಕ್ಷಗಾನದ 'ಶರಸೇತು ಬಂಧನ'ದಲ್ಲಿ ಅದೇ ಹನುಮಂತ ಅರ್ಜುನನ ಬಾಣದ ಸೇತುವೆಯನ್ನು ಪರೀಕ್ಷಿಸಲು ಬರುತ್ತಾನೆ. ಇದನ್ನು ಹೇಳುವಾಗ ವಕೀಲರ ದನಿಗೆ ತಾಳಮದ್ದಳೆಯ ಅರ್ಥಧಾರಿಯ ಏರಿಳಿತ ಬಂದುಬಿಡುತ್ತದೆ; ಎದುರಿಗಿರುವವನು ಹೂಂಗುಟ್ಟುವ ಸ್ಥಿತಿಗೆ ಇಳಿಯುತ್ತಾನೆ. ಕಾರ್ಕಳದ ಅನಂತ ಪೈ 1967ರಲ್ಲಿ ದೆಹಲಿಯಲ್ಲೇ ದೂರದರ್ಶನದ ಕ್ವಿಜ್ ನೋಡಿ, ಗ್ರೀಕ್ ದೇವತೆಗಳನ್ನು ಬಲ್ಲ ನಮ್ಮ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲವೆಂದು ನೊಂದು ಅಮರ ಚಿತ್ರಕಥೆಗೆ ಕೈಹಾಕಿದ ಸಂಗತಿಯೂ ಇಲ್ಲೇ ಬರುತ್ತದೆ. ಆದರೆ ಪೈಯವರು ಪ್ರತಿ ವೀರನಿಗೂ ಒಂದೊಂದು ಪುಸ್ತಕವನ್ನು ಪ್ರತ್ಯೇಕವಾಗಿ ಕೊಟ್ಟರು, ಮಕ್ಕಳು ಅದನ್ನೇ ಎದೆಗವಚಿಕೊಂಡರು. ಈ ಉದಾಹರಣೆ ಯಾವ ಪಕ್ಷಕ್ಕೆ ಸಲ್ಲುತ್ತದೆಂದು ವಕೀಲರು ಯೋಚಿಸಿದಂತಿಲ್ಲ.

ಈ ತಳಿಯ ಎಲ್ಲ ಲಕ್ಷಣಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಸಿನಿಮಾ ಮುಗಿದ ಮೇಲೆ ಏಳಲು ಬಿಡದಿರುವುದು. 2008ರ 'ಐರನ್ ಮ್ಯಾನ್' ಚಿತ್ರದಲ್ಲಿ ಹೆಸರುಗಳೆಲ್ಲ ಹರಿದುಹೋದ ಮೇಲೆ ಒಂದು ತುಣುಕು ದೃಶ್ಯ ಬಂದು, ಹೀರೋಗಳ ಕೂಟ ಕಟ್ಟುವ ಸೂಚನೆ ಕೊಟ್ಟಿತು. ಅಂದಿನಿಂದ ಈ ಜನ ಕುರ್ಚಿಗೆ ಅಂಟಿಕೊಂಡರು. ತಾವೊಬ್ಬರೇ ಅಂಟಿಕೊಂಡಿದ್ದರೆ ಲೋಕಕ್ಕೆ ತೊಂದರೆ ಇರಲಿಲ್ಲ. ಪಕ್ಕದವರ ತೋಳು ಹಿಡಿಯುತ್ತಾರೆ.

2019ರ ಏಪ್ರಿಲಿನಲ್ಲಿ ನೋಯ್ಡಾ ಸೆಕ್ಟರ್ 18ರ ಮಾಲಿನಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ರಾತ್ರಿಯ ಆಟಕ್ಕೆ ಇಂಥ ಒಬ್ಬರ ಜತೆ ಹೋಗಿದ್ದ ಸಂಬಂಧಿಕರೊಬ್ಬರ ಹೇಳಿಕೆ ಲಭ್ಯವಿದೆ. ಈ ಸಾಕ್ಷಿ ಮಂಡಿನೋವಿನವರು, ಸ್ವಲ್ಪ ಉತ್ಪ್ರೇಕ್ಷೆಯವರು, ಅದೇ ಸರಣಿಯ ಹಿಂದಿನ ಇಪ್ಪತ್ತೊಂದು ಚಿತ್ರಗಳಲ್ಲಿ ಒಂದನ್ನೂ ನೋಡದೆ ಬಂದವರು. ಆದರೂ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮೂರು ಗಂಟೆ ಒಂದು ನಿಮಿಷದ ಚಿತ್ರ. ಅದರ ಮೇಲೆ ಇಂಟರ್‌ವೆಲ್ಲು. ಉದ್ದಕ್ಕೂ ಬಲಗಿವಿಯಲ್ಲಿ ಟಿಪ್ಪಣಿ: ಈತ ಯಾರ ತಮ್ಮ, ಈಕೆ ಯಾವ ಗ್ರಹದವಳು, ಈ ಸುತ್ತಿಗೆ ಹಿಂದೆ ಯಾರ ಕೈಯಲ್ಲಿತ್ತು. ಚಿತ್ರ ಮುಗಿಯಿತು. ಬ್ಲೂ ಲೈನಿನ ಕೊನೆಯ ಮೆಟ್ರೋಗೆ ಓಡಿದರೆ ಸಿಗುತ್ತಿತ್ತು. ಸಾಕ್ಷಿ ಎದ್ದರು, ತೋಳು ಹಿಡಿಯಲ್ಪಟ್ಟಿತು. "ಬೈಠೋ, ಬೈಠೋ. ಕೊನೇಗ್ ಇರ್ತದ." ಹೆಸರುಗಳು ಹರಿಯತೊಡಗಿದವು: ಬಡಗಿಗಳು, ಅಡಿಗೆಯವರು, ಕೂದಲಿನ ಮೇಲ್ವಿಚಾರಕರು. ದೀಪ ಹತ್ತಿತು. ಗುಡಿಸುವ ಹುಡುಗ ಪಾಪ್‌ಕಾರ್ನ್ ಬಾಚುತ್ತ ಇವರ ಸಾಲಿಗೆ ಬಂದು, ಕಾಲೆತ್ತಿ ಎಂಬಂತೆ ಪೊರಕೆ ತೋರಿಸಿದ. ಇಬ್ಬರೂ ಕಾಲೆತ್ತಿ ಕೂತರು. ಕಟ್ಟಕಡೆಗೆ ಪರದೆ ಕಪ್ಪಾಗಿ, ಎಲ್ಲೋ ಕಬ್ಬಿಣ ಬಡಿದ ಸದ್ದು ಕೆಲವು ಸಲ ಕೇಳಿಸಿತು. ಗುಡಿಸುವವನ ಬಕೆಟ್ಟು ತಾಗಿತೆಂದೇ ಸಾಕ್ಷಿ ತಿಳಿದರು. ತಿರುಗಿ ನೋಡಿದರೆ ವಕೀಲರ ಕಣ್ಣಲ್ಲಿ ನೀರು. ಮೊದಲ ಚಿತ್ರವಾದ 'ಐರನ್ ಮ್ಯಾನ್'ನಲ್ಲಿ ಅದರ ನಾಯಕ ಟೋನಿ ಸ್ಟಾರ್ಕ್ ಗುಹೆಯೊಳಗೆ ಕೂತು ಕವಚ ಬಡಿಯುತ್ತಿದ್ದ ಸದ್ದು ಅದು. 'ಎಂಡ್‌ಗೇಮ್'ನ ಕೊನೆಯಲ್ಲಿ ದೃಶ್ಯ ಎಂಬುದು ಇರಲೇ ಇಲ್ಲ, ಇದ್ದದ್ದು ಇಷ್ಟೇ.

ಮೆಟ್ರೋ ಹೋಗಿತ್ತು. ಆ್ಯಪಿನಲ್ಲಿ ಟ್ಯಾಕ್ಸಿಯ ದರ ಮುಗಿಲಿಗೇರಿತ್ತು. ಉತ್ತರ ಪ್ರದೇಶದ ನಂಬರಿನ ಆಟೋದವನು ಗಡಿಯ ತನಕ ಮಾತ್ರ ಎಂದ. ದೆಹಲಿಯ ನಂಬರಿನವನು ಗಡಿಯ ಆಚೆಯಿಂದ ಮಾತ್ರ ಎಂದ. ನಡುವಿನ ದಾರಿಯನ್ನು ಇಬ್ಬರೂ ನಡೆದರು. ಮೂರು ರಾಜ್ಯ, ಮೂರು ಪೊಲೀಸು, ಮೂರು ಬಗೆಯ ನಂಬರ್ ಪ್ಲೇಟು ಸೇರಿ ಒಂದೇ ಊರೆಂದು ಕರೆಸಿಕೊಳ್ಳುವ ಈ ರಾಜಧಾನಿ ವಲಯವೂ ಒಂದು ಕೂಡುಲೋಕವೇ, ಇದರಲ್ಲಿ ಯಾರೂ ಯಾರ ಸಂಚಿಕೆಗೂ ಬರುವುದಿಲ್ಲವಷ್ಟೆ ಎಂದು ಸಾಕ್ಷಿ ನಡೆಯುತ್ತಲೇ ಹೇಳಿದರಂತೆ. ವಕೀಲರು ಉತ್ತರಿಸಲಿಲ್ಲ. ಅವರಿನ್ನೂ ಮೂಗು ಒರೆಸಿಕೊಳ್ಳುತ್ತಿದ್ದರು.

ಎದುರು ಪಕ್ಷದವನು ಒಂಟಿವಾದಿ. ಹೆಚ್ಚಾಗಿ ಗುರುಗ್ರಾಮದವನು, ಕಪ್ಪು ಟೀ ಶರ್ಟಿನವನು. ನೋಲನ್‌ನ ಬ್ಯಾಟ್‌ಮ್ಯಾನ್ ಚಿತ್ರಗಳಲ್ಲಿ ಬೇರೆ ಹೀರೋ ಒಬ್ಬನಾದರೂ ಬಂದಿದ್ದನೇ, ದೂರದರ್ಶನದ ಶಕ್ತಿಮಾನ್‌ಗೆ ಜತೆಗಾರ ಬೇಕಾಗಿತ್ತೇ, ಕೇರಳದ ಒಂದು ಹಳ್ಳಿಯ ದರ್ಜಿಗೆ ಸಿಡಿಲು ಬಡಿದು 'ಮಿನ್ನಲ್ ಮುರಳಿ' ಆದಾಗ ಯಾವ ಕೂಟ ನೆರವಿಗೆ ಬಂತು ಎಂಬುದು ಇವನ ಪ್ರಶ್ನೆ. ಪ್ರಶ್ನೆ ಗಟ್ಟಿಯಾದದ್ದು: ಕೂಗಿದರೆ ಯಾರೂ ಬರುವುದಿಲ್ಲ ಎಂಬಲ್ಲೇ ಹೀರೋನ ಕಥೆ ಕಾವೇರುತ್ತದೆ. ಆದರೆ ಈ ಒಂಟಿವಾದಿ ಕಾಮಿಕ್ಸ್ ಪ್ರಿಯರ ಮೇಳವಾದ ಕಾಮಿಕ್ ಕಾನ್‌ಗೆ ಬರುವುದು ಎಂಟು ಜನ ಗೆಳೆಯರ ಗುಂಪು ಕಟ್ಟಿಕೊಂಡು. ಕೂಡುಲೋಕದ ವಕೀಲರು ಬರುವುದು ಒಬ್ಬರೇ. 2011ರ ಫೆಬ್ರವರಿಯಲ್ಲಿ ದಿಲ್ಲಿ ಹಾಟ್‌ನಲ್ಲಿ ಮೊದಲ ಕಾಮಿಕ್ ಕಾನ್ ನಡೆದಾಗಿನಿಂದ ಇದೇ ಪದ್ಧತಿ.

ಈ ವ್ಯತ್ಯಾಸಕ್ಕೆ ವಿವರಣೆ ಕ್ವಾರ್ಟರ್ಸಿನಲ್ಲಿದೆ. ಅಲ್ಲಿ ಒಂದೇ ಕಾಮಿಕ್ಸಿನ ಮೇಲೆ ಬಗ್ಗಿದ ಆರು ತಲೆಗಳಲ್ಲಿ ಒಂದು ಬಿಹಾರದ್ದು, ಒಂದು ಗಢವಾಲಿನದು, ಒಂದು ಪಾಲಕ್ಕಾಡಿನದು. ಅಪ್ಪಂದಿರಿಗೆ ವರ್ಗವಾಯಿತು, ಒಬ್ಬೊಬ್ಬರೇ ಲಾರಿ ಹತ್ತಿದರು. ಅವರ ಕಥೆ ಆಮೇಲೆ ಏನಾಯಿತೆಂದು ತಿಳಿಸುವ ಸಂಚಿಕೆ ಬರಲಿಲ್ಲ. ಈಗ ನೇತಾಜಿ ನಗರ, ಸರೋಜಿನಿ ನಗರಗಳ ಆ ಹಳದಿ ಕಟ್ಟಡಗಳ ಸಾಲುಸಾಲನ್ನೇ ಮರುನಿರ್ಮಾಣಕ್ಕಾಗಿ ಕೆಡವಿ ಗೋಪುರಗಳನ್ನು ಎಬ್ಬಿಸಲಾಗಿದೆ. ವಕೀಲರು ನವೆಂಬರಿನಲ್ಲಿ ಆರ್.ಕೆ. ಪುರಂನ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಾರೆ; ಯಾರ ಮಗಳು ಯಾವ ಊರಿನಲ್ಲಿದ್ದಾಳೆಂದು ಬಾಯಿಪಾಠ ಹೇಳುತ್ತಾರೆ. ಊಟ ಮುಗಿದ ಮೇಲೂ ಬೇಗ ಏಳಲು ಬಿಡುವುದಿಲ್ಲ.

ಸದ್ಯದ ಸ್ಥಿತಿ ಈ ತಳಿಗೆ ಅನುಕೂಲವಾಗಿಲ್ಲ. ರಾಜ್ ಕಾಮಿಕ್ಸಿನ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ. ಸಂಜಯ್ ಗುಪ್ತಾ ಹೆಸರಿನಲ್ಲಿ ಒಂದು, ಮನೋಜ್ ಗುಪ್ತಾ ಹೆಸರಿನಲ್ಲಿ ಇನ್ನೊಂದು ಪ್ರಕಾಶನ ನಡೆಯುತ್ತಿದೆ. ಹೊಲ, ಮನೆ, ಪಾತ್ರೆ ಪಾಲಾಗುವುದನ್ನು ಕರ್ನಾಟಕದವರು ಕಂಡಿದ್ದಾರೆ. ಬ್ರಹ್ಮಾಂಡ ಪಾಲಾದದ್ದು ಇದೇ ಮೊದಲಿರಬೇಕು. ಎರಡೂ ಕಡೆಯಿಂದ ಹಳೆಯ ನಾಗರಾಜ, ಹಳೆಯ ಧ್ರುವ ಹೊಸ ಕಾಗದದಲ್ಲಿ ಮರುಮುದ್ರಣವಾಗಿ ಬರುತ್ತಾರೆ. ಕಥೆ ಅದೇ, ಚಿತ್ರ ಅದೇ, ಬೆಲೆ ಮಾತ್ರ ಇವತ್ತಿನದು. ಯಾವುದನ್ನು ಕೊಂಡರೆ ಯಾರಿಗೆ ಬೇಸರವೋ ಎಂದು ವಕೀಲರು ಎರಡನ್ನೂ ತರಿಸುತ್ತಾರೆ, ಹೆಂಡತಿಗೆ ಒಂದರ ಬಿಲ್ಲು ತೋರಿಸುತ್ತಾರೆ.